ಒಂದೇ ಕಾಡು, ಮೂರು ಹಸಿವು

ನಾಗರಹೊಳೆಯಲ್ಲಿ ಹುಲಿ, ಚಿರತೆ, ಸೀಳುನಾಯಿ ಮೂರೂ ಇವೆ. ಮೂರೂ ಮಾಂಸವನ್ನೇ ನಂಬಿ ಬದುಕುವಂಥವು. ಮೂರಕ್ಕೂ ಅದೇ ಹಡ್ಲು ಎಂಬ ಜೌಗು ಹುಲ್ಲುಬಯಲು, ಅದೇ ಕಾಡುದಾರಿ, ಬೇಸಿಗೆ ಬಂದರೆ ಅದೇ ಕಬಿನಿ ಹಿನ್ನೀರಿನ ದಂಡೆ. ಬಲದಲ್ಲಿ ಹುಲಿಗೆ ಸಮನಿಲ್ಲ. ಹಾಗಿದ್ದರೆ ಉಳಿದೆರಡು ಎಂದೋ ಇಲ್ಲವಾಗಬೇಕಿತ್ತಲ್ಲ? ಆಗಿಲ್ಲ. ಆ ಕಾಡನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಈ ಒಂದು ಸಂಗತಿಯ ಸುತ್ತಲೇ ಸುಳಿಯುತ್ತದೆ.

ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ ಇದಕ್ಕೆ ಉತ್ತರವನ್ನು ಅಲ್ಲಿಯ ನೆಲದ ಮೇಲೆಯೇ ಹುಡುಕಿದರು. ಮೂರೂ ಪ್ರಾಣಿಗಳ ಮಲವನ್ನು ಆಯ್ದು, ಅದರಲ್ಲಿ ಅರಗದೆ ಉಳಿದ ಕೂದಲು ಯಾವ ಪ್ರಾಣಿಯದೆಂದು ಗುರುತಿಸಿ, ಯಾರು ಯಾರನ್ನು ತಿಂದರೆಂಬ ಲೆಕ್ಕ ಹಿಡಿದರು. 1995ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ ಹುಲಿಯ ಬೇಟೆಯ ಸರಾಸರಿ ತೂಕ ಸುಮಾರು 91 ಕಿಲೊ, ಸೀಳುನಾಯಿಯದು 43, ಚಿರತೆಯದು 38. ಹುಲಿಯ ಕಣ್ಣು ಕಾಟಿ, ಕಡವೆಗಳ ಮೇಲೆ. ಉಳಿದೆರಡು ಹೆಚ್ಚಾಗಿ ಜಿಂಕೆಯಂಥ ಹಗುರ ಪ್ರಾಣಿಗಳನ್ನು ಹಿಡಿಯುತ್ತವೆ. ಅವುಗಳಲ್ಲೂ ಸೀಳುನಾಯಿ ಹಗಲಲ್ಲಿ ಗುಂಪುಗೂಡಿ ಅಟ್ಟಿಸುತ್ತದೆ. ಚಿರತೆ ಒಂಟಿಯಾಗಿ ಹೊಂಚುಹಾಕುತ್ತದೆ. ಕಾಡಿನ ಜಾಗವನ್ನು ಅವು ಗಡಿ ಹಾಕಿ ಹಂಚಿಕೊಂಡಿಲ್ಲ, ಒಂದರ ಹೆಜ್ಜೆಯ ಮೇಲೆ ಇನ್ನೊಂದರ ಹೆಜ್ಜೆ ಬೀಳುತ್ತದೆ.

ಇದನ್ನು ಸೌಹಾರ್ದ ಎಂದು ಕರೆಯಲು ನನಗೆ ಮನಸ್ಸಿಲ್ಲ. ಕೈಗೆ ಸಿಕ್ಕರೆ ಹುಲಿ ಚಿರತೆಯನ್ನು ಕೊಲ್ಲುತ್ತದೆ. ಚಿರತೆ ತನ್ನ ಬೇಟೆಯನ್ನು ಮರದ ಕವಲಿಗೆ ಎಳೆದೊಯ್ಯುವುದು ಸುಮ್ಮನೆ ಅಲ್ಲ.

ಆಹಾರ ಬೇರೆಯಾದರೆ ಒಟ್ಟಿಗೆ ಬದುಕಬಹುದು ಎಂಬುದನ್ನು 1930ರ ದಶಕದಲ್ಲಿ ರಷ್ಯಾದ ವಿಜ್ಞಾನಿ ಗಾಸೆ ಪ್ರಕಟಿಸಿದ ಪ್ರಯೋಗಗಳು ಗಾಜಿನ ನಳಿಕೆಯೊಳಗೆ ತೋರಿಸಿದ್ದವು. ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯ ಎರಡು ಜಾತಿಗಳಿಗೆ ಒಂದೇ ಆಹಾರ ಕೊಟ್ಟು ಒಟ್ಟಿಗೆ ಬಿಟ್ಟಾಗ ಕೊನೆಗೆ ಒಂದೇ ಉಳಿಯಿತು. ಆದರೆ ಸೋತ ಆ ಜಾತಿಯನ್ನೇ ಮೂರನೆಯ ಜಾತಿಯೊಡನೆ ಬಿಟ್ಟಾಗ ಎರಡೂ ಬದುಕಿದವು. ಒಂದು ಮೇಲಿನ ನೀರಿನಲ್ಲಿ ತೇಲುವ ಬ್ಯಾಕ್ಟೀರಿಯಾ ತಿಂದಿತು, ಇನ್ನೊಂದು ತಳದಲ್ಲಿ ಕೂತ ಯೀಸ್ಟ್ ತಿಂದಿತು. ಬದುಕಿಸಿದ್ದು ಬಲವಲ್ಲ, ಬೇರೆ ರೀತಿಯಲ್ಲಿ ಉಣ್ಣಲು ಇದ್ದ ಅವಕಾಶ.

ನಾಗರಹೊಳೆಯಲ್ಲಿ ಆ ಅವಕಾಶವನ್ನು ಕೊಟ್ಟಿರುವುದು ಕಾಟಿ, ಕಡವೆ, ಜಿಂಕೆ, ಕಾಡುಹಂದಿ, ಕಾಡುಕುರಿ, ಮುಸುವಗಳ ಸಮೃದ್ಧಿ. ದೊಡ್ಡದೂ ಬೇಕು, ಸಣ್ಣದೂ ಬೇಕು, ಎರಡೂ ಧಾರಾಳವಾಗಿರಬೇಕು. ಕಳ್ಳಬೇಟೆಗಾರರು ಕಾಟಿ, ಕಡವೆಗಳನ್ನು ಮುಗಿಸಿದ ಕಾಡಿನಲ್ಲಿ ಹುಲಿಯೂ ಜಿಂಕೆಗೇ ಇಳಿಯಬೇಕಾಗುತ್ತದೆ. ಆಗ ಮೂರರ ಬಾಯೂ ಒಂದೇ ತುತ್ತಿನ ಮೇಲೆ. ಮೊದಲು ಹಿಂದೆ ಸರಿಯುವುದು ಹುಲಿಯಲ್ಲ.

ಹುಲ್ಲಿನಲ್ಲೂ ಇದೇ ಕತೆ. ಅಲಂಕಾರಕ್ಕೆಂದು ತಂದ, ಅಮೆರಿಕ ಖಂಡಗಳ ಮೂಲದ ಲಂಟಾನ ಈಗ ನೆರೆಯ ಬಂಡೀಪುರದಲ್ಲಿ ಬಹಳಷ್ಟು ನೆಲವನ್ನು ಹಬ್ಬಿ ಮುಚ್ಚಿದೆ. ಅದರ ಪೊದೆಯಡಿಯಲ್ಲಿ ಹುಲ್ಲಿಗೆ ಬಿಸಿಲಿಲ್ಲ. ಮಿಕ್ಕ ಹುಲ್ಲಿಗೆ ಜಿಂಕೆ, ಕಾಟಿ, ಆನೆ, ಅಂಚಿನ ಊರುಗಳಿಂದ ಬರುವ ದನ ಎಲ್ಲವೂ ಬಾಯಿ ಹಾಕಬೇಕು. ದನ ಮೇಯಿಸುವ ಬಡವನನ್ನು ದೂರುವುದು ಸುಲಭ; ಅವನ ಊರಿನ ಗೋಮಾಳ ಎಲ್ಲಿ ಹೋಯಿತೆಂದು ಕೇಳುವವರು ಕಡಿಮೆ. ನನಗೆ ಇದು ನಿಜವಾಗಿ ನೋವಿನ ವಿಷಯ. ಪೈಪೋಟಿ ನಿಸರ್ಗದ ನಿಯಮ ಎಂದು ನಾವು ಹೇಳುತ್ತಲೇ ಇದ್ದೇವೆ. ಅದನ್ನು ಕ್ರೂರವಾಗಿಸುವ ಕೊರತೆಯನ್ನು ಮಾತ್ರ ನಾವೇ ತಂದೊಡ್ಡುತ್ತಿದ್ದೇವೆ.

ಮೈಸೂರು, ಮಂಡ್ಯ ಕಡೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆ ಕಾಣಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಕಾರಣಗಳು ಹಲವು, ಗದ್ದೆಯಲ್ಲೇ ಹುಟ್ಟಿ ಬೆಳೆದ ಚಿರತೆಗಳೂ ಇವೆ. ಆದರೂ ಮುಂದಿನ ಸಲ ಅಂಥ ಸುದ್ದಿ ಓದಿದಾಗ, ಬೋನು ಎಲ್ಲಿಟ್ಟರು ಎಂದು ವಿಚಾರಿಸುವುದರ ಜೊತೆಗೆ ಹತ್ತಿರದ ಕಾಡಿನಲ್ಲಿ ಕಡವೆ, ಜಿಂಕೆಗಳು ಎಷ್ಟು ಉಳಿದಿವೆ ಎಂದೂ ದಯವಿಟ್ಟು ವಿಚಾರಿಸಿ.