ಹಸುರು ಹಾಸಿನ ಜೀವವೂ ಶ್ರಾವಕನ ಯತ್ನಾಚಾರವೂ

ವರ್ಷಾಕಾಲದಲ್ಲಿ ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲಸುತ್ತಾರೆ. ಮಳೆ ಬಿದ್ದ ನೆಲವು ಜೀವಮಯವಾಗುವುದರಿಂದ ಹೆಜ್ಜೆಹೆಜ್ಜೆಗೂ ಹಿಂಸೆ ಸಂಭವಿಸುವುದೆಂಬುದೇ ಇದಕ್ಕೆ ಕಾರಣ. ಗೃಹಸ್ಥನಾದ ಶ್ರಾವಕನೂ ಈ ಕಾಲದಲ್ಲಿ ಉಪವಾಸಾದಿಗಳನ್ನು ಕೈಗೊಳ್ಳುತ್ತಾನೆ. ಆದರೆ ಬಚ್ಚಲ ಹಿಂದಣ ಗೋಡೆಯ ಬುಡದಲ್ಲಿ ಹಬ್ಬಿದ ಹಸುರಿನ ಕಡೆಗೆ ಅವನ ಲಕ್ಷ್ಯ ಹರಿಯುವುದು ಅಪರೂಪ.

ಇಂತಹ ತೇವದ ನೆಲೆಗಳಲ್ಲಿ ಬೆಳೆಯುವ ಒಂದು ಸಸ್ಯವರ್ಗಕ್ಕೆ ಲಿವರ್‌ವರ್ಟ್ ಎಂದು ಹೆಸರು. ಮಳೆಗಾಲದ ಸಹ್ಯಾದ್ರಿಯಲ್ಲಿ ಈ ವರ್ಗದ ಸಸ್ಯಗಳು ಬಂಡೆಗಳಿಗೆ ಹಸುರು ಹೊದಿಸುತ್ತವೆ. ಶಿವರಾಮ ಕಾಶ್ಯಪರು ಪಶ್ಚಿಮ ಹಿಮಾಲಯದ ಇಂತಹ ಸಸ್ಯಗಳನ್ನು ಕುರಿತು 1929 ಮತ್ತು 1932ರಲ್ಲಿ ಎರಡು ಭಾಗಗಳ ಗ್ರಂಥವನ್ನೇ ಪ್ರಕಟಿಸಿದರು. ಇವುಗಳಲ್ಲಿ ಪ್ರಸಿದ್ಧವಾದುದು ಮಾರ್ಕಾನ್ಷಿಯಾ ಪಾಲಿಮಾರ್ಫಾ. ಇದಕ್ಕೆ ನಿಜವಾದ ಬೇರಿಲ್ಲ, ಹೂವಿಲ್ಲ. ಚಪ್ಪಟೆಯಾದ ಹಾಳೆಯಂತಹ ಒಡಲು ನೆಲಕ್ಕಂಟಿ, ತುದಿಯಲ್ಲಿ ಎರಡಾಗಿ ಕವಲೊಡೆಯುತ್ತ ಸಾಗುತ್ತದೆ. ಹಳೆಯ ಬುಡವು ಕೊಳೆತಾಗ ಎರಡು ಕವಲುಗಳೂ ಎರಡು ಸಸ್ಯಗಳಾಗಿ ಬಾಳುತ್ತವೆ.

ಈ ಒಡಲಿನ ಮೇಲೆ ಪುಟ್ಟ ಬಟ್ಟಲುಗಳಿರುತ್ತವೆ. ಅವುಗಳೊಳಗೆ ಸಾಸಿವೆಗಿಂತಲೂ ಕಿರಿದಾದ ಹಸುರು ಮೊಗ್ಗುಗಳು ಸುಪ್ತವಾಗಿರುತ್ತವೆ. ಮಳೆಹನಿಯ ಪೆಟ್ಟಿಗೆ ಅವು ಹೊರಕ್ಕೆ ಸಿಡಿದು ತೇವದ ಮಣ್ಣಿಗೆ ಬೀಳುತ್ತವೆ. ಬೆಳಕು ಕಂಡ ಮಗ್ಗುಲು ಮೇಲ್ಭಾಗವಾಗುತ್ತದೆ. ಕೆಳಗಿನ ಮಗ್ಗುಲು ಬೇರಿನಂತಹ ಎಳೆಗಳನ್ನು ಇಳಿಬಿಡುತ್ತದೆ. ಇದರಲ್ಲಿ ಗಂಡುಸಸ್ಯ, ಹೆಣ್ಣುಸಸ್ಯಗಳು ಬೇರೆಬೇರೆ. ಗಂಡು ಲಿಂಗಾಣುವು ಹೆಣ್ಣನ್ನು ಸೇರಬೇಕಾದರೂ ನೀರೇ ಬೇಕು. ಹೀಗೆ ಇದರ ವೃದ್ಧಿಯೆಲ್ಲವೂ ನೀರನ್ನೇ ಅವಲಂಬಿಸಿದೆ.

ವನಸ್ಪತಿಯು ಸ್ಪರ್ಶವೊಂದೇ ಇಂದ್ರಿಯವುಳ್ಳ ಸ್ಥಾವರ ಜೀವ. ಗೃಹಸ್ಥನಿಗೆ ಸ್ಥಾವರ ಹಿಂಸೆಯ ಪೂರ್ಣ ತ್ಯಾಗವು ಅಶಕ್ಯ. ಮೆಟ್ಟಿಲು ಜಾರಿ ವೃದ್ಧರು ಬೀಳುವಂತಿದ್ದರೆ ಅಲ್ಲಿಯ ಹಸುರನ್ನು ತೆಗೆಯಲೇಬೇಕಾಗುವುದು. ಆದರೆ ಸುಮ್ಮನೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಸಸ್ಯವನ್ನು ಕೀಳುವುದು ಪ್ರಮಾದಚರ್ಯೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಇದನ್ನು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ.

ಹಾಗಾದರೆ ಶ್ರಾವಕನು ಮಾಡತಕ್ಕದ್ದೇನು? ಹಬ್ಬಿದ ಮೇಲೆ ಕೆರೆದು, ಬಿಂದಿಗೆಗಟ್ಟಲೆ ನೀರು ಸುರಿದರೆ ಇದ್ದ ಜೀವಗಳಿಗೆ ಘಾತವಾಗುತ್ತದೆ. ಉಳಿದ ಮೊಗ್ಗುಗಳು ನೀರಿನೊಡನೆ ಹರಿದು ಬೇರೆಡೆ ಬೆಳೆಯುತ್ತವೆ. ವರ್ಷವರ್ಷವೂ ಅದೇ ಹಿಂಸೆ ಮರುಕಳಿಸುತ್ತದೆ. ಮಳೆಗೆ ಮುಂಚೆಯೇ ಸೋರುವ ನಲ್ಲಿಯನ್ನು ಸರಿಪಡಿಸಿ, ಬಚ್ಚಲ ನೀರು ನಿಲ್ಲದಂತೆ ಕಾಲುವೆ ತೆಗೆದು, ನಡೆಯುವ ದಾರಿ ಒಣಗಿರುವಂತೆ ನೋಡಿಕೊಂಡರೆ ಅಲ್ಲಿ ಹಸುರು ಹಬ್ಬುವುದೂ ಕಡಿಮೆ, ಕೆರೆಯುವ ಪ್ರಸಂಗವೂ ಕಡಿಮೆ. ಯಾರಿಗೂ ಬಾಧಕವಿಲ್ಲದ ಗೋಡೆಯ ಹಸುರನ್ನು ಅದರ ಪಾಡಿಗೆ ಬಿಡಬಹುದು. ಇದೇ ಯತ್ನಾಚಾರ.

ಅಷ್ಟಮಿ ಚತುರ್ದಶಿಗಳಂದು ಅನ್ನವನ್ನು ತ್ಯಜಿಸಿದವನು ಅಂದೇ ಅಂಗಳದಲ್ಲಿ ಅಜಾಗರೂಕನಾಗಿ ನೀರು ಸುರಿದರೆ ಅವನ ವ್ರತದಲ್ಲಿ ಕೊರತೆ ಉಳಿಯಿತು. ನಾಲಗೆಗೆ ಹಾಕಿದ ಕಟ್ಟು ಕೈಕಾಲುಗಳಿಗೂ ವ್ಯಾಪಿಸಿದಾಗ ಉಪವಾಸವು ಸಾರ್ಥಕವಾಗುತ್ತದೆ.