ರುಚಿಗೆ ಸಾಕ್ಷಿ

ಬೆಂಗಳೂರಿನಂಥ ಊರಿನಲ್ಲಿ ಅಪರಿಚಿತನೊಬ್ಬ ಯಾವ ಸಂಕೋಚವೂ ಇಲ್ಲದೆ ನಮ್ಮನ್ನು ತಡೆದು ಕೇಳಬಹುದಾದ ಪ್ರಶ್ನೆಗಳು ಎರಡು. ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದೊಂದು; ಒಳ್ಳೆಯ ತಿಂಡಿ ಎಲ್ಲಿ ಸಿಕ್ಕುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಗೊತ್ತಿದ್ದರೆ ಉತ್ತರ ಹೇಳುತ್ತೇವೆ, ಇಲ್ಲದಿದ್ದರೆ ಗೊತ್ತಿಲ್ಲವೆನ್ನುತ್ತೇವೆ. ಎರಡನೆಯದಕ್ಕೆ ಗೊತ್ತಿಲ್ಲವೆಂದು ಹೇಳಿದ ಮನುಷ್ಯನನ್ನು ನಾನು ಈ ತನಕ ಕಂಡಿಲ್ಲ. ಕೇಳಿದವನು ಒಬ್ಬನಾದರೆ ಹೇಳುವವರು ಮೂವರು. ಹೋಟೆಲಿನ ಮೇಜಿನಲ್ಲಿ ಎದುರಿಗೆ ಕುಳಿತವರಂತೂ ಕೇಳುವವರೆಗೂ ಕಾಯುವುದಿಲ್ಲ. ನಾವು ತಿಂಡಿಯ ಪಟ್ಟಿಯನ್ನು ನೋಡುತ್ತ ಎರಡು ನಿಮಿಷ ಸುಮ್ಮನಿದ್ದರೆ ಸಾಕು, “ಪೂರಿ ಬೇಡಿ ಸಾರ್, ಇಲ್ಲಿ ದೋಸೆ ತೊಗೊಳ್ಳಿ” ಎಂಬ ಹಿತವಚನ ಬಂದೇ ಬರುತ್ತದೆ.

ಇಷ್ಟು ಸಹಜವಾದ ಸಂಗತಿಯಲ್ಲಿ ನೀತಿಯ ಪ್ರಶ್ನೆಯೊಂದು ಅಡಗಿದೆ ಎಂದರೆ ವಾಚಕರಿಗೆ ನಗು ಬರಬಹುದು. ಆದರೂ ನನಗೆ ಹಾಗೆ ತೋರುತ್ತದೆ. ನಮ್ಮ ಮಾತನ್ನು ನಂಬಿ ಒಬ್ಬನು ತನ್ನ ಹಣವನ್ನೂ ಹೊತ್ತನ್ನೂ ಹಸಿವನ್ನೂ ಒಪ್ಪಿಸುತ್ತಾನೆ. ಅದೇ ಮಾತಿನಿಂದ ಇನ್ನೊಬ್ಬನ ಒಲೆ ಉರಿಯುತ್ತದೆ ಅಥವಾ ಆರುತ್ತದೆ. ಇಬ್ಬರ ಹಿತಾಹಿತ ಸೇರಿರುವ ಮಾತನ್ನು ಬರಿಯ ಹರಟೆ ಎಂದು ತಳ್ಳಿಬಿಡುವುದು ಹೇಗೆ?

ಮೊದಲು, “ಅಲ್ಲಿ ದೋಸೆ ಚೆನ್ನಾಗಿದೆ” ಎಂದಾಗ ನಾವು ಏನು ಹೇಳಿದಂತಾಯಿತು ಎಂಬುದನ್ನು ನೋಡೋಣ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1790ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನೇ ಚರ್ಚಿಸಿದ್ದಾನೆ. ಅವನು ಕೊಡುವ ನಿದರ್ಶನ ಕೆನೇರಿ ದ್ವೀಪಗಳ ವೈನಿನದು. ಆ ವೈನು ಹಿತವಾಗಿದೆ ಎಂದವನನ್ನು ಯಾರಾದರೂ ತಡೆದು, “ನನಗೆ ಹಿತವಾಗಿದೆ” ಎನ್ನಬೇಕೆಂದು ತಿದ್ದಿದರೆ ಅವನು ಬೇಸರಪಡದೆ ಒಪ್ಪಿಕೊಳ್ಳುತ್ತಾನಂತೆ. ನಾಲಗೆಯ ಸುಖ ಅವರವರದು, ಅದರಲ್ಲಿ ವಾದವಿಲ್ಲ. ಸೌಂದರ್ಯದ ಮಾತು ಬೇರೆ. ಅಲ್ಲಿ ನಾವು ಎಲ್ಲರ ಒಪ್ಪಿಗೆಯನ್ನೂ ಕೇಳುತ್ತೇವೆ ಎಂಬುದು ಅವನ ಮತ.

ಅವನಿಗಿಂತ ಮುಂಚೆ, 1757ರಲ್ಲಿ, ಸ್ಕಾಟ್ಲೆಂಡಿನ ಹ್ಯೂಮ್ ಬೇರೆ ಬಗೆಯಾಗಿ ಯೋಚಿಸಿದ್ದ. ಅಭಿರುಚಿಗೆ ಅಳತೆಗೋಲು ಉಂಟೇ ಎಂದು ಕೇಳಿಕೊಂಡು ಬರೆದ ಪ್ರಬಂಧದಲ್ಲಿ ಅವನು ಡಾನ್ ಕ್ವಿಕ್ಸಾಟನ ಕಥೆಯಿಂದ ಒಂದು ಪ್ರಸಂಗವನ್ನು ತೆಗೆದುಕೊಳ್ಳುತ್ತಾನೆ. ಸ್ಯಾಂಕೋ ಪಾಂಜಾನ ಬಂಧುಗಳಿಬ್ಬರನ್ನು ಪೀಪಾಯಿಯೊಂದರ ವೈನಿನ ರುಚಿ ನೋಡಲು ಕರೆಯುತ್ತಾರೆ. ಒಬ್ಬ ಚಪ್ಪರಿಸಿ, ಒಳ್ಳೆಯದೇ, ಆದರೆ ಸ್ವಲ್ಪ ತೊಗಲಿನ ವಾಸನೆ ಇದೆ ಎನ್ನುತ್ತಾನೆ. ಇನ್ನೊಬ್ಬ, ಒಳ್ಳೆಯದೇ, ಆದರೆ ಕಬ್ಬಿಣದ ರುಚಿ ಇದೆ ಎನ್ನುತ್ತಾನೆ. ಕೇಳಿದವರೆಲ್ಲ ನಕ್ಕರು. ಕಡೆಗೆ ಪೀಪಾಯಿ ಬರಿದಾದಾಗ ತಳದಲ್ಲಿ ಸಿಕ್ಕಿದ್ದು ತೊಗಲಿನ ದಾರ ಕಟ್ಟಿದ ಒಂದು ಹಳೆಯ ಬೀಗದ ಕೈ!

ಈ ಇಬ್ಬರ ವ್ಯಾಜ್ಯವನ್ನು ತೀರಿಸಲು ನಮ್ಮ ಆಡುಮಾತೇ ಸಾಕೆಂದು ನನಗೆ ಅನಿಸುತ್ತದೆ. ಕನ್ನಡದಲ್ಲಿ “ನನಗೆ ಸೇರಿತು” ಎನ್ನುವುದು ಬೇರೆ, “ಚೆನ್ನಾಗಿದೆ” ಎನ್ನುವುದು ಬೇರೆ. ಹಾಗಲಕಾಯಿ ಗೊಜ್ಜು ಚೆನ್ನಾಗಿದೆ, ಆದರೆ ನನಗೆ ಸೇರದು ಎಂದು ನಮ್ಮ ಮನೆಗಳಲ್ಲಿ ದಿನವೂ ಹೇಳುತ್ತಾರೆ. ಯಾರೂ ಅದನ್ನು ಅಸಂಬದ್ಧವೆನ್ನುವುದಿಲ್ಲ. ಸೇರುವುದು ನನ್ನ ಸ್ವಭಾವಕ್ಕೆ ಸಂಬಂಧಪಟ್ಟದ್ದು. ಅಲ್ಲಿ ಕಾಂಟನ ಮಾತು ಸರಿ. ಚೆನ್ನಾಗಿರುವುದು ಪದಾರ್ಥಕ್ಕೆ ಸಂಬಂಧಪಟ್ಟದ್ದು. ಹಿಟ್ಟು ಹದವಾಗಿ ಹುಳಿ ಬಂದಿದೆ, ಎಣ್ಣೆ ಹಳೆಯದಲ್ಲ, ಸಾಂಬಾರನ್ನು ನಿನ್ನೆಯದಕ್ಕೆ ನೀರು ಬೆರೆಸಿ ಮಾಡಿಲ್ಲ ಎಂಬ ಸಂಗತಿಗಳಿಗೆ ಅದು ಸೇರಿದೆ. ಅಲ್ಲಿ ಬೀಗದ ಕೈ ಇದೆ. ಆದ್ದರಿಂದ ಇನ್ನೊಬ್ಬನಿಗೆ “ಹೋಗಿ ತಿನ್ನಿ” ಎಂದು ಹೇಳುವವನು ಬರಿಯ ಅಭಿಪ್ರಾಯ ಹೇಳುತ್ತಿಲ್ಲ, ಸಾಕ್ಷಿ ನುಡಿಯುತ್ತಿದ್ದಾನೆ.

ಸಾಕ್ಷಿಯೆಂದ ಮೇಲೆ ಸಾಕ್ಷಿಗೆ ಇರಬೇಕಾದ ಧರ್ಮವೂ ಬಂತು. ಸಾಕ್ಷಿ ತಾನೇ ಕಂಡಿರಬೇಕು; ಕಂಡಿದ್ದರಲ್ಲಿ ಅವನಿಗೆ ಲಾಭವಿರಬಾರದು. ಈ ಎರಡನೆಯದರ ಕಷ್ಟವನ್ನು ಫ್ರಾನ್ಸಿನ ಒಂದು ಟೈರು ಕಂಪೆನಿ ಚೆನ್ನಾಗಿ ಅರಿತಿತ್ತು. ಮಿಷೆಲಿನ್ ಸಹೋದರರು 1900ರಲ್ಲಿ ಮೋಟಾರು ಪ್ರಯಾಣಿಕರಿಗೆಂದು ಒಂದು ಕೈಪಿಡಿಯನ್ನು ಅಚ್ಚು ಹಾಕಿಸಿ ಪುಕ್ಕಟೆಯಾಗಿ ಹಂಚಿದರು. ಜನ ಹೆಚ್ಚು ಓಡಾಡಿದರೆ ಟೈರು ಹೆಚ್ಚು ಸವೆಯುತ್ತದೆ ಎಂಬುದು ಅದರ ಹಿಂದಿನ ವ್ಯಾಪಾರ. 1926ರಿಂದ ಆ ಪುಸ್ತಕ ಊಟದ ಮನೆಗಳಿಗೆ ನಕ್ಷತ್ರ ಕೊಡತೊಡಗಿತು. ಅದರ ಪರೀಕ್ಷಕರು ಹೆಸರು ಹೇಳಿಕೊಳ್ಳದೆ ಬಂದು, ಉಂಡು, ಎಲ್ಲರಂತೆ ಬಿಲ್ಲು ತೆತ್ತು ಹೋಗುವುದು ಇಂದಿಗೂ ಪದ್ಧತಿ. ಅದರ ನಕ್ಷತ್ರಕ್ಕೆ ಬೆಲೆ ಬಂದದ್ದರಲ್ಲಿ ಈ ಬಿಲ್ಲು ತೆರುವ ಪದ್ಧತಿಯ ಪಾಲು ದೊಡ್ಡದೆಂದು ನಾನು ಭಾವಿಸುತ್ತೇನೆ.

ಪುಕ್ಕಟೆ ತಿಂದವನು ಸುಳ್ಳುಗಾರನೇ ಆಗಬೇಕಾಗಿಲ್ಲ. ಆದರೆ ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂದು ನಮ್ಮ ಹಿರಿಯರು ಕಲಿಸಿದ್ದಾರೆ. ಅದು ಒಳ್ಳೆಯ ಗುಣ. ಆ ಒಳ್ಳೆಯ ಗುಣವೇ ಇಲ್ಲಿ ಅಡ್ಡ ಬರುತ್ತದೆ. ಯಜಮಾನರು ಗಲ್ಲಾದಿಂದ ಎದ್ದು ಬಂದು, “ನಿಮ್ಮಿಂದ ದುಡ್ಡೇ?” ಎಂದು ಕೈಮುಗಿದ ಮೇಲೆ ಚಟ್ನಿ ನೀರಾಗಿತ್ತೆಂದು ಹೇಳಲು ಯಾರಿಗೆ ಬಾಯಿ ಬಂದೀತು? ಋಣ ತೀರಿಸುವ ನಾಲಗೆ ಸಾಕ್ಷಿ ಹೇಳಲಾರದು. ಈಚೆಗೆ ದುಡ್ಡು ತೆಗೆದುಕೊಂಡು ಹೊಗಳಿಕೆ ಬರೆಯುವವರ ಕಸುಬು ಎಷ್ಟು ಬೆಳೆದಿದೆಯೆಂದರೆ, 2022ರಲ್ಲಿ ಭಾರತೀಯ ಮಾನಕ ಬ್ಯೂರೋ ಗ್ರಾಹಕರ ವಿಮರ್ಶೆಗಳಿಗಾಗಿಯೇ ಒಂದು ಮಾನಕವನ್ನು ಹೊರಡಿಸಬೇಕಾಯಿತು. ಸಿಮೆಂಟಿಗೂ ಕುಕ್ಕರಿಗೂ ಇದ್ದ ಮಾನಕ ಈಗ ಮಾತಿಗೂ ಬಂತು!

ಇನ್ನು ಇದಕ್ಕೆ ವಿರುದ್ಧವಾದ ಪಕ್ಷ. ಒಳ್ಳೆಯ ಹೋಟೆಲಿನ ವಿಳಾಸವನ್ನು ಯಾರಿಗೂ ಹೇಳದೆ ಬಚ್ಚಿಟ್ಟುಕೊಳ್ಳುವ ರಸಿಕರಿದ್ದಾರೆ. ಹೇಳಿದರೆ ಹಾಳಾಗುತ್ತದೆ ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲದಿಲ್ಲ. ಅಕ್ಕಿಯನ್ನೂ ಉದ್ದನ್ನೂ ನೆನೆಸಿ, ರುಬ್ಬಿ, ಹಿಟ್ಟನ್ನು ರಾತ್ರಿಯೆಲ್ಲ ಇಟ್ಟರೆ ಬೆಳಗ್ಗೆ ಹುಳಿ ಬರುತ್ತದೆ. ಚಳಿಗಾಲದಲ್ಲಿ ಇನ್ನೂ ತಡ. ಗಿರಾಕಿಗಳ ಅವಸರಕ್ಕೆ ಹಿಟ್ಟು ಓಗೊಡುವುದಿಲ್ಲ. ನೂರು ಜನಕ್ಕೆ ರುಬ್ಬಿದ ಮನೆಗೆ ಐನೂರು ಜನ ನುಗ್ಗಿದರೆ ಯಜಮಾನನಿಗೆ ಇರುವುದು ಎರಡೇ ದಾರಿ. ಹಿಟ್ಟು ಮುಗಿಯಿತೆಂದು ಬಾಗಿಲು ಹಾಕಬೇಕು. ಇಲ್ಲವೆ ಸೋಡ ಹಾಕಿ ಹೊಸ ಹಿಟ್ಟನ್ನು ಉಬ್ಬಿಸಬೇಕು. ಮೊದಲನೆಯದನ್ನು ಮಾಡುವವನಿಗೆ ಬಹಳ ಮನೋಬಲ ಬೇಕು.

ಆದರೂ ಬಚ್ಚಿಡುವವರ ಪಕ್ಷಕ್ಕೆ ನಾನು ಸೇರಲಾರೆ. ಅವರು ಕಾಪಾಡುತ್ತಿರುವುದು ದೋಸೆಯ ರುಚಿಯನ್ನೋ ತಮ್ಮ ಕುರ್ಚಿಯನ್ನೋ ಎಂದು ವಿಚಾರಿಸಿ ನೋಡಿ. ಹೋದೊಡನೆ ಜಾಗ ಸಿಕ್ಕಬೇಕು, ಕಾಫಿ ಬಿಸಿಯಾಗಿ ಬರಬೇಕು ಎಂದರೆ ಪಕ್ಕದ ಕುರ್ಚಿಗಳು ಖಾಲಿಯಿರಬೇಕು. ಆ ಖಾಲಿ ಕುರ್ಚಿ ನಮಗೆ ಸುಖ, ಯಜಮಾನನಿಗೆ ನಷ್ಟ. ತಿಂಗಳ ಕೊನೆಗೆ ಬಾಡಿಗೆ, ಗ್ಯಾಸು, ಆಳುಗಳ ಸಂಬಳ ಎಲ್ಲವೂ ಆ ಕುರ್ಚಿಗಳಿಂದಲೇ ಹುಟ್ಟಬೇಕು. ಅವನ ಕೈಯಡಿಗೆಯನ್ನು ಮೆಚ್ಚಿಕೊಂಡು ಅವನ ಏಳಿಗೆಯನ್ನು ಬೇಡವೆನ್ನುವುದು ಎಂಥ ಪ್ರೀತಿ? ಮಾವಳ್ಳಿ ಟಿಫಿನ್ ರೂಮು 1924ರಲ್ಲಿ ಶುರುವಾದಾಗ, ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಶುರುವಾದಾಗ, ಮೊದಲ ಗಿರಾಕಿಗಳೆಲ್ಲ ಗುಟ್ಟು ಕಾಪಾಡಿದ್ದರೆ ಇಂದು ನಮಗೆ ಆ ಹೆಸರುಗಳೇ ಗೊತ್ತಿರುತ್ತಿರಲಿಲ್ಲ. ನಾವು ತಿನ್ನುವುದು ಅವರು ಆಡಿದ ಮಾತಿನ ಫಲವನ್ನು. ಪಡೆದ ಮಾತನ್ನು ಮುಂದಿನವನಿಗೆ ದಾಟಿಸದಿದ್ದರೆ ಸಾಲ ಉಳಿದಂತೆಯೇ ಸರಿ.

ಹಾಗಾದರೆ ಡಂಗುರ ಹೊಡೆಯಬೇಕೇ? ಅದೂ ಅಲ್ಲ. ಹೇಳುವುದಕ್ಕೂ ಸಾರುವುದಕ್ಕೂ ವ್ಯತ್ಯಾಸವಿದೆ. ಮೊಬೈಲಿನಲ್ಲಿ ಚಿತ್ರ ತೆಗೆದು ಲಕ್ಷ ಜನಕ್ಕೆ ಸಾರುವವನು ಯಾರಿಗೂ ಹೇಳಿದಂತಲ್ಲ. ಕೇಳುವವನ ಮುಖ ಅವನಿಗೆ ಕಾಣದು. ಹಾಗೆ ಸಾರಿದ್ದನ್ನು ಕೇಳಿ ಬಂದ ಜಾತ್ರೆ ಒಂದು ತಿಂಗಳು ಇದ್ದು ಮುಂದಿನ ಬೀದಿಗೆ ಹೋಗುತ್ತದೆ. ಜಾತ್ರೆಯನ್ನು ನಂಬಿ ದೊಡ್ಡ ಮಳಿಗೆ ಹಿಡಿದವನಿಗೆ ಬಾಡಿಗೆ ಮಾತ್ರ ಉಳಿಯುತ್ತದೆ. ಎದುರಿಗೆ ಕುಳಿತ ಒಬ್ಬನಿಗೆ ಹೇಳುವಾಗ ಹಾಗಲ್ಲ. ಅವನ ವಯಸ್ಸು, ಜೇಬು, ಹಲ್ಲು, ಪಥ್ಯ ಎಲ್ಲವನ್ನೂ ನೋಡಿ ಹೇಳುತ್ತೇವೆ. ಮಂಡಿನೋವಿನ ಹಿರಿಯರನ್ನು ನಿಂತು ತಿನ್ನುವ ದರ್ಶಿನಿಗೆ ಕಳಿಸುವವನು, ಅಲ್ಲಿಯ ಇಡ್ಲಿ ಎಷ್ಟೇ ಮೃದುವಾಗಿರಲಿ, ಒಳ್ಳೆಯ ಸಲಹೆಗಾರನಲ್ಲ.

ಪಾನೀಯದ ವಿಷಯಕ್ಕೆ ಬಂದರೆ ಈ ಹೊಣೆ ಇಮ್ಮಡಿಯಾಗುತ್ತದೆ. ಕಳೆದ ಒಂದೂವರೆ ದಶಕದಲ್ಲಿ ಬೆಂಗಳೂರಿನಲ್ಲಿ ಕಣ್ಣೆದುರಿಗೇ ಬಿಯರು ತಯಾರಿಸಿ ಮಾರುವ ಮನೆಗಳು ಎದ್ದಿವೆ. ಬೆಲ್ಜಿಯಮ್ಮಿನ ಕ್ರಮದಲ್ಲಿ ಗೋಧಿಯ ಬಿಯರಿಗೆ ಕಿತ್ತಳೆ ಸಿಪ್ಪೆಯನ್ನೂ ಕೊತ್ತಂಬರಿ ಬೀಜವನ್ನೂ ಹಾಕುತ್ತಾರೆಂದು ಕೇಳಿದರೆ ನಮ್ಮ ಅಡಿಗೆಮನೆಯ ಡಬ್ಬಿಗಳು ನೆನಪಾಗುತ್ತವೆ. ನಂದಿಬೆಟ್ಟದ ಸುತ್ತಮುತ್ತ ವೈನಿಗೆಂದೇ ದ್ರಾಕ್ಷಿ ಬೆಳೆಯುತ್ತಾರೆ. ಕರ್ನಾಟಕ ಸರ್ಕಾರ 2007ರಲ್ಲಿ ಅದಕ್ಕೊಂದು ನೀತಿಯನ್ನೇ ರೂಪಿಸಿತು. ಇವುಗಳನ್ನು ಬಲ್ಲವರು ಮೇಜಿನ ನೆರೆಯವರಿಗೆ ಯಾವುದು ಒಳ್ಳೆಯದೆಂದು ಹೇಳುವುದರಲ್ಲಿ ತಪ್ಪೇನನ್ನೂ ನಾನು ಕಾಣೆ. ಆದರೆ ದೋಸೆಯ ಸಲಹೆ ತಪ್ಪಾದರೆ ಹೋಗುವುದು ಒಂದು ಹೊತ್ತಿನ ತಿಂಡಿ. ಲೋಟದ ಸಲಹೆ ತಪ್ಪಾದರೆ ಏನೇನು ಹೋಗುವುದೋ ಹೇಳಲಾಗದು. ಕುಡಿತ ಬಿಟ್ಟು ಕಷ್ಟದಿಂದ ದಿನ ಎಣಿಸುತ್ತಿರುವವನು ಎದುರಿಗಿರಬಹುದು. ಸ್ಕೂಟರಿನ ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟುಕೊಂಡಿರುವವನು ಇರಬಹುದು. ಅಂಥ ಕಡೆ ಸುಮ್ಮನಿರುವುದೇ ಸಲಹೆ. “ಒಂದು ಲೋಟದಿಂದ ಏನಾದೀತು” ಎಂಬುದು ರುಚಿಯ ಮಾತಲ್ಲ, ಬಲವಂತದ ಮಾತು.

ಒಂದು ಹೆಚ್ಚಿನ ವಿಷಯ ಉಳಿದಿದೆ. ನಮ್ಮ ನಾಡಿನಲ್ಲಿ ಅಪರಿಚಿತರಿಬ್ಬರು ಒಂದೇ ಮೇಜಿನಲ್ಲಿ ಕುಳಿತು ತಿಂಡಿಯ ಮಾತಾಡುವುದು ಅಲ್ಪ ಸಂಗತಿಯಲ್ಲ. ಒಂದು ಕಾಲದಲ್ಲಿ ಹೋಟೆಲುಗಳಲ್ಲಿಯೂ ಜಾತಿಗೊಂದು ಕೋಣೆ ಇತ್ತು. ಕೆಲವರಿಗೆ ಒಳಗೆ ಜಾಗವೇ ಇರಲಿಲ್ಲ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿ ಬಾವಿ, ಕೆರೆ, ರಸ್ತೆಗಳ ಜೊತೆಗೆ ಅಂಗಡಿ, ಹೋಟೆಲು, ಉಪಾಹಾರಗೃಹಗಳನ್ನೂ ಹೆಸರಿಸಿ, ಜಾತಿಮತಗಳ ಕಾರಣದಿಂದ ಯಾರನ್ನೂ ಅಲ್ಲಿಂದ ಹೊರಗಿಡಕೂಡದು ಎಂದಿತು. ರಾಷ್ಟ್ರದ ಮೂಲ ಶಾಸನದಲ್ಲಿ ಹೋಟೆಲಿನ ಮಾತು ಬರಬೇಕಾಗಿದ್ದರೆ ಅದರ ಬಾಗಿಲಲ್ಲಿ ಎಷ್ಟು ಅವಮಾನ ನಡೆದಿತ್ತೆಂದು ಊಹಿಸಿಕೊಳ್ಳಿ. ಶಾಸನ ಬಾಗಿಲನ್ನು ತೆರೆಯಿತು. ಮಾತನ್ನು ತೆರೆಯುವುದು ನಮ್ಮ ಪಾಲಿನ ಕೆಲಸ.

ಆ ಕೆಲಸ ಪೂರ್ತಿಯಾಗಿಲ್ಲ. ಸಲಹೆ ಕೇಳಿದಾಗ ನಮ್ಮಂಥ ಮಧ್ಯಮ ವರ್ಗದವರು ಹೇಳುವ ಪಟ್ಟಿಯನ್ನು ಗಮನಿಸಿ. ದೋಸೆ, ಇಡ್ಲಿ, ಕಾಫಿಯ ನಾಲ್ಕಾರು ಹೆಸರು. ಅಲ್ಲಿಗೆ ಊರಿನ ರುಚಿಯೇ ಮುಗಿಯಿತೆಂಬ ಭಾವನೆ. ಬೆಳಗಿನ ಜಾವದಲ್ಲಿ ಮುದ್ದೆಗೆ ನೀರು ಕುದಿಯಲಿಟ್ಟು ಸಾರು ಕಾಯಿಸುವ ಮಿಲಿಟರಿ ಹೋಟೆಲುಗಳೂ ಇದೇ ಊರಿನವು. ಅವುಗಳ ಹೆಸರನ್ನು ಹೇಳುವಾಗ ಮಾತ್ರ ದನಿ ತಗ್ಗುತ್ತದೆ. ಮಾಂಸ ತಿನ್ನದವರು ತಿನ್ನಬೇಕಾಗಿಲ್ಲ. ತಾವು ತಿನ್ನದ್ದಕ್ಕೆ ಸಾಕ್ಷಿ ಹೇಳಬೇಕಾಗಿಯೂ ಇಲ್ಲ. ಆದರೆ “ಅಲ್ಲಿಗೆ ಎಂಥೆಂಥವರೋ ಬರುತ್ತಾರೆ” ಎಂಬ ಮಾತು ಅಡಿಗೆಯ ವಿಷಯವಲ್ಲ. “ಅಲ್ಲಿ ನಮ್ಮವರೇ ಬರುತ್ತಾರೆ, ಹೋಗಿ” ಎಂಬ ಹೊಗಳಿಕೆಯೂ ಅಲ್ಲ. ಸಾಂಬಾರಿನ ಬಗ್ಗೆ ಕೇಳಿದವನಿಗೆ ಕುಳಿತವರ ಕುಲ ಹೇಳುವ ಸಾಕ್ಷಿಯನ್ನು ಯಾವ ನ್ಯಾಯಾಧೀಶನೂ ಕಟಕಟೆಯಿಂದ ಇಳಿಸುತ್ತಾನೆ.

ಕೊನೆಯದಾಗಿ, ಚೆನ್ನಾಗಿಲ್ಲದಿದ್ದರೆ ಏನು ಮಾಡಬೇಕು? ಹಳೆಯ ಹೋಟೆಲುಗಳ ಗೋಡೆಯಲ್ಲಿ, ಗಲ್ಲಾದ ಮೇಲೆ, ಒಂದು ಬೋರ್ಡು ತೂಗುತ್ತಿರುವುದನ್ನು ನೀವೂ ನೋಡಿರಬಹುದು. ತೃಪ್ತಿಯಾದರೆ ಇತರರಿಗೆ ತಿಳಿಸಿ, ಇಲ್ಲದಿದ್ದರೆ ನಮಗೆ ತಿಳಿಸಿ ಎಂದು ಅದರ ಒಕ್ಕಣೆ. ವ್ಯಾಪಾರದ ಜಾಣತನವೆಂದು ಅದನ್ನು ನೋಡಿ ನಗುವವರುಂಟು. ನನಗೇನೋ ಅದರಲ್ಲಿ ಮುಕ್ಕಾಲು ಪಾಲು ಧರ್ಮವಿದೆ ಎನಿಸುತ್ತದೆ. ಉಪ್ಪು ಹೆಚ್ಚಾಗಿದ್ದರೆ ಅದನ್ನು ಮೊದಲು ಕೇಳಬೇಕಾದವನು ಉಪ್ಪು ಹಾಕಿದವನು. ಅವನಿಗೆ ಹೇಳದೆ ಊರಿಗೆಲ್ಲ ಹೇಳಿದರೆ ಸಾರು ಸರಿಯಾಗುವುದಿಲ್ಲ, ಅವನ ಅನ್ನಕ್ಕೆ ಮಾತ್ರ ಕಲ್ಲು ಬೀಳುತ್ತದೆ. ಉಳಿದ ಕಾಲು ಪಾಲು ಆ ಬೋರ್ಡಿನಲ್ಲಿ ಇಲ್ಲ. ಹಳಸಿದ್ದು, ಕಲಬೆರಕೆಯಾದದ್ದು, ಕೊಳಕು ನೀರಿನದು ಕಣ್ಣಿಗೆ ಬಿದ್ದರೆ ಯಜಮಾನನಿಗೂ ಹೇಳಬೇಕು, ಪಕ್ಕದಲ್ಲಿ ಕೈ ತೊಳೆದು ಕೂರುತ್ತಿರುವವನಿಗೂ ಹೇಳಬೇಕು. ಅಲ್ಲಿ ಮೌನವಾಗಿದ್ದರೆ ಅದು ಸೌಜನ್ಯವಲ್ಲ. ಅವನು ತಟ್ಟೆಗೆ ಕೈ ಹಾಕುವ ಮೊದಲೇ ಆ ಮಾತು ಅವನ ಕಿವಿಗೆ ಬೀಳಬೇಕು.