ಗೀಟು ಎಳೆದ ಬೆಲೆ

ಅಚೌರ್ಯಾಣುವ್ರತವನ್ನು ಸ್ವೀಕರಿಸಿದ ಶ್ರಾವಕನಿಗೆ ಸಂಭವಿಸಬಹುದಾದ ಐದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಅವುಗಳಲ್ಲಿ ಎರಡು ವ್ಯಾಪಾರಿಯ ಗಲ್ಲೆಗೆ ನೇರವಾಗಿ ಸಂಬಂಧಿಸಿದವು. ಕೊಳ್ಳುವಾಗ ದೊಡ್ಡ ಅಳತೆ, ಮಾರುವಾಗ ಸಣ್ಣ ಅಳತೆ ಬಳಸುವುದು ಹೀನಾಧಿಕ ಮಾನೋನ್ಮಾನ. ಒಂದು ಸರಕಿನ ಹೆಸರಿನಲ್ಲಿ ಅದರಂತೆಯೇ ಕಾಣುವ ಇನ್ನೊಂದನ್ನು ಕೊಡುವುದು ಪ್ರತಿರೂಪಕ ವ್ಯವಹಾರ. ತಕ್ಕಡಿಗೂ ತೂಕದ ಬಟ್ಟಿಗೂ ಇಂದು ಸರ್ಕಾರದ ಮುದ್ರೆ ಬೀಳುತ್ತದೆ. ಆ ಕಡೆಯಿಂದ ನಾವು ನಿಶ್ಚಿಂತರಾಗಿದ್ದೇವೆ. ಆದರೆ ಸರಕಿಗೆ ತೂಗಿಬಿಟ್ಟ ಬೆಲೆಚೀಟಿಯೂ ಒಂದು ಅಳತೆಗೋಲಲ್ಲವೇ? ಅದು ಸುಳ್ಳಾದರೆ ಯಾವ ಅತಿಚಾರವಾಗುತ್ತದೆ? ಈ ಜಿಜ್ಞಾಸೆ ನನ್ನಲ್ಲಿ ಬಲವಾದದ್ದು ದೂರದ ಒಂದು ಮರುಭೂಮಿಯ ಪೇಟೆಯಲ್ಲಿ.

ಚಿಕ್ಕಬಳ್ಳಾಪುರ, ಚಿಂತಾಮಣಿಗಳ ಕಡೆಯಿಂದ ಮಕ್ಕಳ ಮನೆಗೆಂದು ಅಮೆರಿಕೆಗೆ ಹೋಗುವ ಹಿರಿಯರು ಈಗ ಅನೇಕರು. ಗ್ರ್ಯಾಂಡ್ ಕ್ಯಾನಿಯನ್ ಕಂದರವನ್ನು ನೋಡಿಸುವ ನೆಪದಲ್ಲಿ ಮಕ್ಕಳು ಅವರನ್ನು ನೆವಾಡಾ ರಾಜ್ಯದ ಲಾಸ್ ವೇಗಸ್ ನಗರಕ್ಕೂ ಕರೆದೊಯ್ಯುತ್ತಾರೆ. ದಿಗ್ವ್ರತದ ಕಾಲದಲ್ಲಿ ಒಂದು ನದಿಯೋ ಬೆಟ್ಟವೋ ಗೃಹಸ್ಥನ ಸಂಚಾರಕ್ಕೆ ಎಲ್ಲೆಯಾಗಿತ್ತು. ವಿಮಾನಕ್ಕೆ ಎಲ್ಲೆ ಹಾಕುವವರು ಯಾರು? ಆ ನಗರ ಜೂಜಿಗೆ ಜಗತ್ಪ್ರಸಿದ್ಧ. ದ್ಯೂತವು ಸಪ್ತವ್ಯಸನಗಳಲ್ಲಿ ಮೊದಲನೆಯದೆಂದು ಬಲ್ಲ ನಮ್ಮವರು ಜೂಜಿನ ಅರಮನೆಗಳ ಮುಂದೆ ತಲೆತಗ್ಗಿಸಿಕೊಂಡು ನಡೆಯುತ್ತಾರೆ. ಮರುದಿನ, ಪಾಪದ ಸ್ಥಳಕ್ಕೆ ಕಾಲಿಡಲಿಲ್ಲವೆಂಬ ಸಮಾಧಾನದಿಂದ, ಊರಿನ ಇನ್ನೊಂದು ಕಡೆಯ ಔಟ್‌ಲೆಟ್ ಮಾಲಿಗೆ ಹೋಗುತ್ತಾರೆ. ಅಲ್ಲಿ ಯಾರೂ ತಲೆ ತಗ್ಗಿಸುವುದಿಲ್ಲ.

2003ರಲ್ಲಿ ಆರಂಭವಾದ ಲಾಸ್ ವೇಗಸ್ ನಾರ್ತ್ ಪ್ರೀಮಿಯಂ ಔಟ್‌ಲೆಟ್ಸ್ ಅಂಥದೊಂದು ಬಯಲುಪೇಟೆ. ಒಂದೇ ಸೂರಿನ ಕಟ್ಟಡವಲ್ಲ; ತೆರೆದ ಓಣಿಗಳು, ಎರಡು ಬದಿಗೂ ಹೆಸರಾಂತ ಕಂಪನಿಗಳ ಮಳಿಗೆಗಳು, ನೂರಕ್ಕೂ ಮಿಕ್ಕಿ. ವರ್ಷಕ್ಕೆ ಸುಮಾರು 4 ಅಂಗುಲ ಮಳೆ ಬೀಳುವ ಊರು ಅದು. ಅದರ ನೀರಿನಲ್ಲಿ ನೂರಕ್ಕೆ 90 ಪಾಲು ಬರುವುದು ಕೊಲರಾಡೊ ನದಿಯಿಂದ, ಹೂವರ್ ಅಣೆಕಟ್ಟಿನ ಹಿಂದಿನ ಮೀಡ್ ಸರೋವರದ ಮೂಲಕ; 2022ರಲ್ಲಿ ಆ ಸರೋವರ 1937ರಿಂದೀಚೆಗೆ ಕಾಣದಷ್ಟು ಇಳಿದಿತ್ತು. ಆದರೂ ಆ ನಗರದ ಬಯಲು ಜಾಗಗಳಲ್ಲಿ ಜನರ ತಲೆಯ ಮೇಲೆ ತಂಪಿಗಾಗಿ ನೀರಿನ ಹನಿಮಂಜು ಚಿಮ್ಮಿಸುತ್ತಾರೆ. ಸಾವಿರ ಅಡಿ ಕೊರೆದರೂ ನೀರು ಕಾಣದ ಕೊಳವೆಬಾವಿಗಳ ನಾಡಿನಿಂದ ಹೋದವನಿಗೆ, ಸರಕುಗಳಿಗಿಂತ ಮೊದಲು ಅದೇ ಕಣ್ಣಿಗೆ ಬೀಳುತ್ತದೆ.

ಔಟ್‌ಲೆಟ್ ಎಂಬುದು ಮೂಲತಃ ಪ್ರಾಮಾಣಿಕವಾದ ವ್ಯವಸ್ಥೆಯೇ. ಕಾರ್ಖಾನೆಯಲ್ಲಿ ಉಳಿದುಹೋದ, ಸಣ್ಣಪುಟ್ಟ ದೋಷವಿದ್ದ ಬಟ್ಟೆಬರೆಯನ್ನು ಕಾರ್ಖಾನೆಯ ಬಾಗಿಲಲ್ಲೇ ಕಡಿಮೆಗೆ ಮಾರುತ್ತಿದ್ದರು. ಪೆನ್ಸಿಲ್ವೇನಿಯಾದ ರೆಡಿಂಗ್ ಎಂಬ ಊರಿನಲ್ಲಿ 1970ರ ದಶಕದಲ್ಲಿ ಇಂಥ ಅಂಗಡಿಗಳ ಗುಂಪೇ ಬೆಳೆಯಿತು. ಕಾಲಕ್ರಮದಲ್ಲಿ ಉಳಿಕೆ ಸರಕು ಸಾಲದಾಯಿತು. ಆಗ ಔಟ್‌ಲೆಟ್‌ಗೆಂದೇ ಬೇರೆ, ಅಗ್ಗದ ಸರಕನ್ನು ತಯಾರಿಸುವುದು ರೂಢಿಗೆ ಬಂದಿತು. ಹೆಸರು ಅದೇ, ಬಟ್ಟೆ ಬೇರೆ. ಚೀಟಿಯಲ್ಲಿ ಒಂದು ದೊಡ್ಡ ಬೆಲೆ, ಅದಕ್ಕೊಂದು ಗೀಟು, ಕೆಳಗೆ ಸಣ್ಣ ಬೆಲೆ. ಆ ದೊಡ್ಡ ಬೆಲೆಗೆ ಆ ಸರಕು ಎಲ್ಲಿಯೂ ಮಾರಾಟಕ್ಕಿಟ್ಟದ್ದೇ ಇರದಿದ್ದರೆ? 2014ರಲ್ಲಿ ಅಮೆರಿಕೆಯ ಸಂಸತ್ತಿನ ನಾಲ್ವರು ಸದಸ್ಯರು ಇದನ್ನು ವಿಚಾರಿಸಬೇಕೆಂದು ಅಲ್ಲಿನ ಫೆಡರಲ್ ವ್ಯಾಪಾರ ಆಯೋಗಕ್ಕೆ ಪತ್ರ ಬರೆದರು. ಹಿಂದಿನ ಬೆಲೆಯೆಂದು ತೋರಿಸುವುದು ನಿಜವಾಗಿ ಕೇಳಿದ ಬೆಲೆಯಾಗಿರಬೇಕೆಂಬ ಮಾರ್ಗಸೂಚಿ ಅದೇ ಆಯೋಗದಲ್ಲಿ 1964ರಿಂದಲೇ ಇದೆ.

ನಮ್ಮ ವ್ಯಾಪಾರಿ ಬಂಧುಗಳು ಇಲ್ಲಿ ಒಂದು ಆಕ್ಷೇಪವನ್ನು ಎತ್ತುವರು. ಮಂಡಿಕಲ್ಲಿನಂಥ ಹೋಬಳಿ ಊರಿನ ಅಂಗಡಿಯಲ್ಲಿಯೂ ಚೌಕಾಸಿ ಇಲ್ಲವೇ? ಐನೂರು ಎಂದವನು ನಾನೂರಕ್ಕೆ ಕೊಡುವುದಿಲ್ಲವೇ? ಕೊಡುತ್ತಾನೆ. ಆದರೆ ಚೌಕಾಸಿಯಲ್ಲಿ ಐನೂರೆಂಬುದು ಮಾತಿನ ಆರಂಭವೆಂದು ಇಬ್ಬರಿಗೂ ಗೊತ್ತು. ಗಿರಾಕಿಯೂ ಮುನ್ನೂರೆಂದೇ ಶುರುಮಾಡುತ್ತಾನೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿರಿ. (ಆ ಉದ್ಯಮದ ಹಿಂಸೆಯ ಪ್ರಶ್ನೆ ಪ್ರತ್ಯೇಕವಾದದ್ದು, ಅದನ್ನು ಇಲ್ಲಿ ಸೇರಿಸುವುದಿಲ್ಲ.) ಅಲ್ಲಿ ಗೂಡಿನ ಬೆಲೆಯೆಂದರೆ ಹರಾಜಿನಲ್ಲಿ ಯಾರೋ ಒಬ್ಬರು ಕೊಳ್ಳಲು ಸಿದ್ಧರಾಗಿ ಕೊಟ್ಟ ಬೆಲೆ. ಗೀಟು ಎಳೆದ ಸುಳ್ಳು ಬೆಲೆಯನ್ನಾದರೋ ಯಾರೂ ಕೇಳಿಲ್ಲ, ಯಾರೂ ಕೊಟ್ಟಿಲ್ಲ. ಅದು ಬರೆದದ್ದು ಮಾತ್ರ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಎಂಬುದೊಂದಿದೆ, ಸುಳ್ಳು ಬರಹ. ನನ್ನ ಅಭಿಪ್ರಾಯದಲ್ಲಿ ಆ ಚೀಟಿ ಏಕಕಾಲಕ್ಕೆ ಕೂಟಲೇಖವೂ ಹೌದು, ಕಳ್ಳ ಅಳತೆಯೂ ಹೌದು.

ಕೊಳ್ಳುವವನ ಪಾಲು ಇದರಲ್ಲಿ ಇಲ್ಲವೆನ್ನಲಾಗದು. ಆ ಪೇಟೆಯ ಬಿಸಿಲಿನಲ್ಲಿ ಚೀಲಗಳನ್ನು ಹಿಡಿದು ಬಂದ ಸೊಸೆ, "ಮಾವ, ಇವತ್ತು ಇನ್ನೂರು ಡಾಲರ್ ಉಳಿಸಿದೆವು" ಎಂದಳು. ಖರ್ಚಾದದ್ದೆಷ್ಟೆಂದು ಆಗ ಯಾರಿಗೂ ನೆನಪಿರಲಿಲ್ಲ. ನಾನು ಓದಿದ್ದು ಬಿ.ಕಾಂ.; ಜಮಾ-ಖರ್ಚಿನ ಪುಸ್ತಕದಲ್ಲಿ ಈ ಇನ್ನೂರನ್ನು ಯಾವ ಕಡೆ ಬರೆಯಬೇಕೆಂದು ನನಗೆ ತಿಳಿಯದು. ಪರಿಗ್ರಹಪರಿಮಾಣ ವ್ರತದಲ್ಲಿ ಹೊಲ-ಮನೆ, ಬೆಳ್ಳಿ-ಬಂಗಾರಗಳಂತೆ 'ಕುಪ್ಯ'ಕ್ಕೂ, ಎಂದರೆ ಬಟ್ಟೆ-ಪಾತ್ರೆಗಳಿಗೂ, ಮಿತಿ ಹೇಳಿದೆ. ಆ ಮಿತಿಯನ್ನು ಅಂಗಡಿಗೆ ಹೋಗುವ ಮೊದಲೇ, ಆಸೆ ಹುಟ್ಟುವ ಮೊದಲೇ ನಿಶ್ಚಯಿಸಬೇಕು. ತನ್ನ ಪರಿಮಾಣವನ್ನು ತಾನೇ ಗೊತ್ತುಮಾಡಿಕೊಳ್ಳದವನು ಮಾರುವವನ ಮಾನದಿಂದ ಅಳೆದುಕೊಳ್ಳಲೇಬೇಕಾಗುತ್ತದೆ. ಆಗ ಕೊಂಡದ್ದೇ ಸಂಯಮದಂತೆ ತೋರುತ್ತದೆ. ಜೂಜಿನ ಮನೆಗೆ ಈ ಸೌಲಭ್ಯವಿಲ್ಲ.

ಇದು ಅಮೆರಿಕೆಯ ಮಾತೆಂದು ಬಿಡುವಂತಿಲ್ಲ. ನಮ್ಮಲ್ಲಿ ಗರಿಷ್ಠ ಮಾರಾಟ ಬೆಲೆಯನ್ನು ಮುದ್ರಿಸುವುದು ಕಾನೂನು ಮಾಪನದ 2011ರ ನಿಯಮಗಳಂತೆ; ಅದಕ್ಕೆ ಮೊದಲು ತೂಕ ಮತ್ತು ಅಳತೆಯ 1977ರ ನಿಯಮಗಳಂತೆ. ಬೆಲೆಯೂ ಅಳತೆಯೇ ಎಂದು ಸರ್ಕಾರವೇ ಒಪ್ಪಿದಂತಾಯಿತು. ಆದರೆ ಗರಿಷ್ಠವೆಂದರೆ ಮೀರಬಾರದ ಬೆಲೆ, ವಾಡಿಕೆಯ ಬೆಲೆಯಲ್ಲ. ಅದನ್ನು ಬೇಕೆಂದೇ ಏರಿಸಿ ಮುದ್ರಿಸಿ, ಅರ್ಧಕ್ಕೆ ಕೊಟ್ಟೆವೆಂದು ಫಲಕ ಹಾಕುವ ಅಂಗಡಿಗಳು ನಮ್ಮ ಪೇಟೆಗಳಲ್ಲಿಲ್ಲವೇ? ಆಶಾಧರ ಪಂಡಿತರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನು ಮೊದಲಿಗೆ ಇಟ್ಟರು. ಬಸದಿಯ ಜೀರ್ಣೋದ್ಧಾರಕ್ಕೆ ಬರುವ ದಾನದ ರಸೀದಿ ಬರೆಯುವ ಟ್ರಸ್ಟಿನವರು ಆ ಹಣ ಹೇಗೆ ಬಂತೆಂದು ಕೇಳಲಾರರು, ನಿಜ. ಆದರೆ ಬಸದಿಯದೇ ಮಳಿಗೆಯನ್ನು ಬಾಡಿಗೆಗೆ ಕೊಡುವಾಗ, ಅಲ್ಲಿ ಸುಳ್ಳು ಬೆಲೆಯ ಫಲಕ ಹಾಕಕೂಡದೆಂದು ಕರಾರಿನಲ್ಲಿ ಒಂದು ಸಾಲು ಬರೆಸಲು ಅಡ್ಡಿ ಏನು?

ಆಷಾಢದಲ್ಲಿ ಮದುವೆಗಳಿಲ್ಲ, ಜವಳಿ ದಾಸ್ತಾನು ಕೂತುಬಿಡುತ್ತದೆ. ಬಟ್ಟೆ ಅಂಗಡಿಯವರು ಬೆಲೆ ಇಳಿಸುವುದಕ್ಕೆ ಅದು ನ್ಯಾಯವಾದ ಕಾರಣವೇ. ಹಳೆಯ ದಾಸ್ತಾನು, ಕಳೆದ ತಿಂಗಳು ಇಷ್ಟು, ಈ ತಿಂಗಳು ಇಷ್ಟು ಎಂದು ಬರೆದರೆ ಸಾಕು, ಯಾವ ವ್ರತಕ್ಕೂ ಭಂಗವಿಲ್ಲ. ಅದೇ ಆಷಾಢದ ಶುಕ್ಲಪಕ್ಷದ ಕೊನೆಯಲ್ಲಿ ಚಾತುರ್ಮಾಸ್ಯವೂ ಆರಂಭವಾಗುತ್ತದೆ. ಆಗ ಗಡ್ಡೆಗೆಣಸು, ಸೊಪ್ಪುಗಳ ತ್ಯಾಗದ ನಿಯಮ ತೆಗೆದುಕೊಳ್ಳುವ ಮನೆಗಳಲ್ಲಿ, ಈ ಬಾರಿ ಬೀರುವಿನ ಬಟ್ಟೆಗಳನ್ನೂ ಒಮ್ಮೆ ಎಣಿಸಿ, ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಡಬಹುದು.